ಕಡಲಿಗೆ ಬಂದ ಮದುಕ್ಕರೈ ಆನೆ

ಕಿಟಕಿಯ ಬಿಸಿಲು ಆನೆಯ ಬೆನ್ನಿಗೆ ಬಂತು, ಬಣ್ಣ ಒಣಗಿದೆ, ಬೆರಳಿಟ್ಟರೂ ಅಂಟುವುದಿಲ್ಲ, ಇನ್ನು ಮುಟ್ಟಬೇಡ ರುಕ್ಮಣಿ, ಮುಟ್ಟಲೇಬೇಡ, ಸತ್ಯಾ ನಿನ್ನೆಯೇ ಹೇಳಿಬಿಟ್ಟಿದ್ದಾಳೆ, ಅಮ್ಮಾ ಈ ಪಟ ನಂಗೆ ಬೇಕು, ಸರಿ ಮಾಡ್ತೀನಿ ಅಂತ ಕೂತು ಕೆಡಿಸ್ಬುಡಬೇಡ, ಪೋದುಂ, ಇಷ್ಟು ಸಾಕು — ಮಗಳು ಕುರಿಚಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆ, ಇವತ್ತು ಹಾಲು ಕಾಯಿಸುವ ಶಾಸ್ತ್ರ, ಅಳಿಯ ಬೆಳಿಗ್ಗೆಯೇ ಫೋನ್ ಮಾಡಿದ, ಗೋಡೆಗೆ ಆಣಿ ಹೊಡ್ದಾಯ್ತು ಅತ್ತೆ, ಪಟ ಒಂದೇ ಬಾಕಿ, ನನ್ನ ಪಟಕ್ಕೆಂದು ಒಬ್ಬರು ಮೊಳೆ ಹೊಡೆದದ್ದು ಇದೇ ಮೊದಲು, ಖುಷಿಯಾಗುತ್ತಿದೆ, ಯಾಕೆ ಸುಳ್ಳು ಹೇಳಲಿ, ಆನೆಯ ಒಂದು ಕಾಲು ನೀರಿನಲ್ಲಿ, ಮಿಕ್ಕವು ಮರಳಿನಲ್ಲಿ, ಕೆಡಿಸುತ್ತೇನಂತೆ, ಹೌದು, ಹಿಂದಿನ ಪಟದ ಚಿರತೆಯನ್ನು ಕೆಡಿಸಿದೆ, ಚುಕ್ಕೆ ಹೆಚ್ಚಾಯಿತೆಂದು ಅಳಿಸಿ ಅಳಿಸಿ ಅದು ಬೀದಿ ಬೆಕ್ಕಾಯಿತು, ಕಾಡೆಮ್ಮೆ ಹೋಯಿತು, ದೋಣಿಗಳು ಹೋದವು, ಏನು ಮಾಡಲಿ, ತಿರುಪ್ಪೂರಿನ ಕಂಪನಿಯಲ್ಲಿ ನನ್ನದು ಚೆಕಿಂಗ್ ಕೆಲಸ, ಟ್ಯೂಬ್‌ಲೈಟ್ ಕೆಳಗೆ ಬನಿಯನ್ ಹರಡಿ ತೂತು, ಎಣ್ಣೆ ಕಲೆ, ಜಾರಿದ ಹೊಲಿಗೆ, ಸಿಕ್ಕಿದ್ದಕ್ಕೆಲ್ಲ ಕೆಂಪು ಬಾಣದ ಸ್ಟಿಕ್ಕರ್, ಮನೆಗೆ ಬಂದ ಮೇಲೂ ಕಣ್ಣು ಸುಮ್ಮನಿರದು, ಏನ್ ರುಕ್ಕು, ದೋಸೆ ತೂತ್ಗೂ ಬಾಣ ಅಂಟಿಸ್ತೀಯಾ ಅಂತ ನಮ್ಮವರು ನಗುತ್ತಾರೆ, ದೋಸೆಗೆ ಅಂಟಿಸಲಿಲ್ಲ, ಪಟಕ್ಕೆ ಅಂಟಿಸಿದೆ, ಶನಿವಾರ ಸಂಜೆ ಬಾಣ, ಭಾನುವಾರ ರಿಪೇರಿ, ಒಂದನ್ನು ಸರಿಮಾಡಿದರೆ ಪಕ್ಕದ್ದು ಸೊಟ್ಟ.

ಯಾನೆ ಎಲ್ಲಾನಾ ಕಡಲಿಗೆ ಬತ್ತದಾ, ಅದನ್ನೂ ಅವರೇ ಕೇಳಿದ್ದು, ನಾನು ಕರೆದರೆ ಬರುತ್ತದೆ, ಈ ಪಟಕ್ಕೆ ಮದುಕ್ಕರೈಯಿಂದ ಬಂತು, ನಾನು ಚಿಕ್ಕವಳಿದ್ದಾಗ ಅಲ್ಲಿನ ತವರಿನ ಹಿತ್ತಲಿಗೆ ಬಂದಿತ್ತು, ಸಿಮೆಂಟ್ ಫ್ಯಾಕ್ಟರಿಯ ಧೂಳು ಕೂತ ಬಾಳೆ ಎಲೆಗಳ ನಡುವೆ, ಬೆಳಕು ಹರಿಯುವ ಹೊತ್ತು, ಅವ್ವ ನನ್ನ ಬಾಯಿ ಮುಚ್ಚಿ ಹಿಡಿದಿದ್ದಾಳೆ, ಅಲುಗಾಡ್ಬೇಡ ನನ್ ಕಣ್ಣು, ಸಾಮಿ ನೀರು ಕುಡ್ದು ಹೋಯ್ತದೆ, ಅವ್ವನ ಕೈಯಲ್ಲಿ ಸಗಣಿಯ ವಾಸನೆ, ಆನೆ ಕುಡಿಯಲಿಲ್ಲ, ದನದ ತೊಟ್ಟಿಯೊಳಗೆ ಒಂದು ಕಾಲಿಟ್ಟು ನಿಂತಿತು, ಸುಮ್ಮನೆ, ತಣ್ಣಗಾಗಿರಬೇಕು, ಕಡಲು ಮಾತ್ರ ತಿರುಚೆಂದೂರಿನದು, ಸುನಾಮಿ ಬಂದ ಮರುವರ್ಷ ಕಂಪನಿಯವರು ಬಸ್ ಮಾಡಿ ಕರೆದುಕೊಂಡು ಹೋದರು, ಸೂರ್ಯ ಆಗ ತಾನೇ ನೀರಿನಿಂದ ಏಳುತ್ತಿದ್ದಾನೆ, ಸೀರೆ ಎತ್ತಿಕೊಂಡು ಒಂದು ಕಾಲಿಟ್ಟೆ, ಇನ್ನೊಂದು ಇಡುವಷ್ಟರಲ್ಲಿ ಸೂಪರ್‌ವೈಸರಮ್ಮ ಕೂಗಿದರು, ಅಕ್ಕಾ ವಾಂಗ, ತಣ್ಣಿಲಿ ಎರಂಗಾದೀಂಗ, ನೀರಿಗೆ ಇಳಿಯಬೇಡಿ ಅಂತ, ಹಿಂದೆ ಬಂದೆ, ಬಸ್ಸು ವಾಪಸ್ ಪಲ್ಲಡಂ ತಲುಪುವವರೆಗೂ ಆ ಒಂದು ಪಾದ ಉಪ್ಪುಪ್ಪು —

ಅಯ್ಯೋ, ನೆರಳು. ಸೂರ್ಯ ಆನೆಯ ಆಚೆ ಕಡಲಲ್ಲಿದ್ದಾನೆ, ನೆರಳು ಈಚೆಗೆ ಮರಳಿನ ಮೇಲೆ ಬೀಳಬೇಕು, ನಾನು ಆಚೆ ನೀರಿನ ಮೇಲೆ ಬೀಳಿಸಿದ್ದೇನೆ, ಇಷ್ಟು ದಿನ ಕಾಣಲಿಲ್ಲವಲ್ಲ, ಚೆಕಿಂಗ್ ರುಕ್ಮಣಿ, ಬ್ರಷ್ ಎಲ್ಲಿ, ಇಗೋ, ನೀಲಿ ಹಚ್ಚಿ ಮುಚ್ಚಿದರಾಯಿತು, ಕ್ಷಣದ ಕೆಲಸ, ಎಣ್ಣೆ ಬಣ್ಣ, ಒಣಗುವುದಕ್ಕೆ ಮಾತ್ರ ವಾರ ಬೇಕು, ಪಟ ಇಲ್ಲೇ ಉಳಿಯುತ್ತದೆ, ಬರಿಯ ಮೊಳೆಯ ಕೆಳಗೆ ಹಾಲು ಉಕ್ಕುತ್ತದೆ, ಸತ್ಯಾಳ ಮುಖ ಸಣ್ಣದಾಗುತ್ತದೆ, ವ್ಯಾನ್ ಬಂದ್ಬುಡ್ತು ರುಕ್ಕು, ಎತ್ತಲಾ, ಇರಿ, ಒಂದು ನಿಮಿಷ, ನೆರಳು ನೀರಿನ ಮೇಲೆ ಉದ್ದಕ್ಕೆ ಬಿದ್ದುಕೊಂಡಿದೆ, ತಪ್ಪು, ಅಪ್ಪಟ ತಪ್ಪು, ಬ್ರಷ್ಷಿನ ತುದಿ ಅಲ್ಲಿಯವರೆಗೆ ಹೋಗಿದೆ, ಅಲ್ಲಿಂದ ಕಣ್ಣು ಕೆಳಗೆ ಜಾರಿತು, ಕಾಲಿಗೆ, ಇದಕ್ಕೆ ಒಂದು ಶನಿವಾರವೂ ಬಾಣ ಅಂಟಿಸಲಿಲ್ಲ, ಒಂದೇ ಸಲಕ್ಕೆ ಬಂದದ್ದು, ಉಗುರಿನ ಸುತ್ತ ನೊರೆ, ಚರ್ಮ ಒದ್ದೆಯಾದಲ್ಲಿ ಕಪ್ಪು, ಎತ್ತಿ ರೀ, ಹುಷಾರು, ಮೂಲೆ ಹಿಡಿದು ಎತ್ತಿ, ಬ್ರಷ್ಷನ್ನು ಸೆರಗಿಗೆ ಒರೆಸಿಬಿಟ್ಟೆ, ಹೊಸ ಸೀರೆ, ಇರಲಿ, ಪಟ ಬಾಗಿಲು ದಾಟುತ್ತಿದೆ, ತಪ್ಪು ನೆರಳಿನ ಸಮೇತ, ಬಿಸಿಲಲ್ಲಿ ಹೊಳೆಯುತ್ತಿದೆ, ಆ ಕಾಲು, ನೀರಿನಲ್ಲಿ, ಆ ಒಂದು ಒದ್ದೆ ಕಾಲು