ಚೆಲ್ಲದ ಚರಗ

ಗೆಳೆಯರ ತಲೆಯಲ್ಲಿ ಹುಳ ಬಿಡುವುದು ನನ್ನ ಹಳೆಯ ಉದ್ಯೋಗ. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿದ ಮೇಲೆ ಹುಳ ಎಣಿಸುವುದೇ ಸಂಬಳದ ಉದ್ಯೋಗವಾಯಿತು. ಶಲವಡಿಯ ಕಡ್ಲಿ ಹೊಲಗಳಲ್ಲಿ ವಾರಕ್ಕೊಮ್ಮೆ ಕುಕ್ಕರಗಾಲಲ್ಲಿ ಕೂತು, ಒಂದು ಮೀಟರ್ ಸಾಲಿನಲ್ಲಿ ಕಾಯಿಕೊರಕ ಹುಳ ಎಷ್ಟು ಎಂದು ಬರೆದುಕೊಳ್ಳಬೇಕು. ಪ್ರಯೋಗಕ್ಕೆ ಮೂರು ಹೊಲ. ಒಂದಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುತ್ತಿದ್ದೆವು. ಇನ್ನೊಂದರಲ್ಲಿ ಹಕ್ಕಿ ಕೂರಲು ಅಡ್ಡಗೋಲು ನೆಟ್ಟು, ಹುಳ ಹೆಕ್ಕುವ ಕೆಲಸವನ್ನು ಅವಕ್ಕೇ ಬಿಟ್ಟಿದ್ದೆವು. ಮೂರನೆಯದರಲ್ಲಿ ಏನೂ ಮಾಡುವಂತಿಲ್ಲ. ಅದರ ಜೊತೆ ಹೋಲಿಸಿದರೇನೇ ಉಳಿದೆರಡರ ಲೆಕ್ಕಕ್ಕೆ ಬೆಲೆ.

ಆ ಮೂರನೆಯದು ಶಂಭುಲಿಂಗಪ್ಪಜ್ಜನ ಎರಡು ಎಕರೆ. ಅವರಿಗಿದ್ದದ್ದೇ ಅಷ್ಟು.

“ಎಲ್ಲಾರೂ ಎಣ್ಣಿ ಹೊಡದು ಹೊಡದು ಗೊರವಂಕ ಈ ಕಡೆ ಬರೂದ ಬಿಟ್ಟಾವ್ರಿ ಸಾಹೇಬ್ರ,” ಎಂದಿದ್ದರು ಹೊಲ ಕೊಡುವಾಗ. “ಹಕ್ಕಿ ಇದ್ರ ಸಾಕು ಅಂತ ನಾ ಅಂದ್ರ ಊರು ನಗತೈತಿ. ನಿಮ್ಮ ಶಾಸ್ತ್ರ ಅಂದ್ರ ಕೇಳತೈತಿ.”

ಮೊದಲ ವರ್ಷವೇ ಹುಳ ಕಾಯಿಗಳನ್ನು ತೂತು ಮಾಡಿದವು. ಬಾಜು ಹೊಲದ ಗುಡದಪ್ಪ ಬದುವಿನ ಮೇಲೆ ನಿಂತು, “ಏನ್ ಶಂಭಣ್ಣ, ಹುಳದ ಸಾಲಿ ತಗದೀಯೇನು?” ಎಂದ.

“ಹೌದಲೇ, ನಿನ್ನ ಹೆಸರೂ ಹಚ್ಚೇನಿ. ನಾಳಿಂದ ಪಾಟಿ ಹಿಡಕೊಂಡು ಬಾ.”

ನಾನು ಅಣಕಿಸುತ್ತ ಆ ಗುಡದಪ್ಪನ ದನಿ ತೆಗೆದರೆ ಅಜ್ಜ ಕೆಮ್ಮು ಬರುವವರೆಗೆ ನಗುತ್ತಿದ್ದರು. ಅವರ ಹೆಂಡತಿ ಅನ್ನವ್ವ, “ಸಾಕ್ ಮಾಡೋ ತಮ್ಮಾ, ಇವರ ಉಸರ ಸಿಕ್ಕೊಂತೈತಿ,” ಎನ್ನುತ್ತ ತಾನೂ ನಗುತ್ತಿದ್ದಳು.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, “ಹುಲ್ಲುಲ್ಲಿಗೋ” ಎಂದು ಕೂಗುತ್ತ ಮಾಡಿದ ಅಡಿಗೆಯನ್ನೆಲ್ಲ ಬೆಳೆಯ ಮೇಲೆ ಎರಚುತ್ತಾರೆ. ಅದೇ ಚರಗ. ಭೂಮಿತಾಯಿಯ ಪಾಲು. ಅದಕ್ಕೆ ಹಕ್ಕಿ ಬರುತ್ತವೆ, ಬಂದವು ಹುಳವನ್ನೂ ಹೆಕ್ಕುತ್ತವೆ. ಹಾಗಾಗಿ ಮೂರನೆಯ ಹೊಲದಲ್ಲಿ ಚರಗ ಕೂಡದು ಎಂದು ಮೊದಲ ವರ್ಷವೇ ನಾನು ಹೇಳಿದ್ದೆ. “ಒಂದೆರಡ ವರ್ಷ ತಡಕೋತಾಳ ತಾಯಿ,” ಎಂದು ಅಜ್ಜ ಒಪ್ಪಿದ್ದರು.

ಎರಡನೆಯ ಎಳ್ಳಮಾಸಿಗೆ ಅಜ್ಜನ ಮೈಯಲ್ಲಿ ಕಸುವೇ ಇರಲಿಲ್ಲ. ಹುಬ್ಬಳ್ಳಿಯ ದವಾಖಾನೆಯಿಂದ ಮನೆಗೆ ಕಳಿಸಿದ್ದರು, ಇನ್ನು ಬರುವುದು ಬೇಡ ಎನ್ನುವ ರೀತಿಯಲ್ಲಿ. ಅನ್ನವ್ವನ ರಟ್ಟೆ ಹಿಡಿದು ಹೊಲಕ್ಕೆ ಬಂದರು. ಬದುವಿನ ಮೂಲೆಯಲ್ಲಿ ಅಜ್ಜನ ಅಪ್ಪನನ್ನು ಮಣ್ಣು ಮಾಡಿದ ಗದ್ದಿಗೆ.

“ಅಪ್ಪನ ಬಾಜು ಒಂದ ಹಿಡಿ ಚೆಲ್ಲಲೇನ್ರಿ, ಸಾಹೇಬ್ರ?”

“ಅಜ್ಜಾರ, ಎರಡು ವರ್ಷದ ಲೆಕ್ಕ ಕೆಡತೈತ್ರಿ.”

“ಒಂದ ಹಿಡಿರಿ.”

“ಮುಂದಿನ ವರ್ಷ ಬುಟ್ಟಿಗಟ್ಟಲೆ ಚೆಲ್ಲರಿ. ನಾನೂ ಬರ್ತೀನಿ.”

ಅಜ್ಜ ನನ್ನ ಮುಖ ನೋಡಿದರು. ಅನ್ನವ್ವ ನೆಲ ನೋಡಿದಳು.

ಅಜ್ಜ ಬುತ್ತಿ ಹಿಡಿದು ಬದುಗುಂಟ ಒಂದು ಸುತ್ತು ಹಾಕಿದರು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. “ಕೂಗಿದ್ರೂ ಹಕ್ಕಿ ಬರ್ತಾವ್ರಿ, ಅದಕ್ಕ ಕೂಗಲಿಲ್ಲ,” ಎಂದರು ಹತ್ತಿರ ಬಂದಾಗ. ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿಗಳನ್ನು ಮತ್ತೆ ಅರಿವೆಯಲ್ಲಿ ಕಟ್ಟಿ ಅನ್ನವ್ವನ ಕೈಗೆ ಕೊಟ್ಟರು.

ಮರುದಿನ ಧಾರವಾಡದ ಪ್ರಯೋಗಾಲಯದಲ್ಲಿ ನಾನು, “ಒಂದ ಹಿಡಿ ಚೆಲ್ಲಲೇನ್ರಿ, ಸಾಹೇಬ್ರ?” ಎಂದು ಅಜ್ಜನ ದನಿ ತೆಗೆದೆ. ನಡುಕ ಸಮೇತ. ಎಲ್ಲರೂ ನಕ್ಕರು. ನಾನೂ.

ಕಡ್ಲಿ ಕೀಳುವ ಮುಂಚೆ ಅಜ್ಜ ಹೋದರು. ಅಪ್ಪನ ಬಾಜುವೇ ಮಣ್ಣು ಮಾಡಿದರು.

ಲೆಕ್ಕ ಚೊಕ್ಕವಾಗಿ ಬಂತು. ಅಡ್ಡಗೋಲಿನ ಹೊಲದಲ್ಲಿ ಹುಳ ಅಜ್ಜನ ಹೊಲದ ಅರ್ಧಕ್ಕಿಂತ ಕಡಿಮೆ. ಅಜ್ಜ ಹೇಳಿದ್ದೇ ನಿಜವಾಗಿತ್ತು. ನನ್ನ ಮಾರ್ಗದರ್ಶಕಿ ಅಮೃತಾ ಮೇಡಂ ಪಟ್ಟಿ ನೋಡಿ ಖುಷಿಯಾದರು. ಶಹಬ್ಬಾಸ್‌ಗಿರಿಯ ಆಸೆಗೆ ಚರಗದ ಸಂಗತಿಯನ್ನೂ ಹೇಳಿದೆ.

ಮೇಡಂ ಪೆನ್ನು ಕೆಳಗಿಟ್ಟರು. “ಒಂದು ಹಿಡಿ ರೊಟ್ಟಿಗೆ ಎರಡು ಎಕರೆ ಲೆಕ್ಕ ಹೆಂಗ ಕೆಡತೈತೋ ಗೌರೀಶ? ತಾರೀಖು ಬರದಿಟ್ಟು, ಆ ಮೂಲಿ ಬಿಟ್ಟು ಎಣಿಸಿದ್ರ ಆಗ್ತಿತ್ತು. ನನಗೊಂದು ಫೋನರ ಮಾಡಬಾರದಾ?”

ಮೇಜಿನ ಮೇಲಿನ ಪಟ್ಟಿ ಎತ್ತಿಕೊಂಡು ಹೊರಬಂದೆ.

ಈ ವರ್ಷ ಎಳ್ಳಮಾಸಿಗೆ ಶಲವಡಿಗೆ ಹೋದೆ. ಬರ್ತೀನಿ ಅಂದಿದ್ದೆನಲ್ಲ. ಅನ್ನವ್ವ ಒಬ್ಬಳೇ ಎರಡು ಗದ್ದಿಗೆಗಳ ನಡುವೆ ಕೂತಿದ್ದಳು. ಮುಂದೆ ಹೊಸ ಬುತ್ತಿ, ಬಾಜುವಿಗೆ ಹೋದ ವರ್ಷದ ಅದೇ ಅರಿವೆಯ ಗಂಟು. ಬಿಚ್ಚಿದಳು. ರೊಟ್ಟಿ ಹಂಚಿನ ಚೂರಿನಂತಾಗಿದ್ದವು.

“ಲೆಕ್ಕ ಮುಗದ ಮ್ಯಾಲೆ ಚೆಲ್ಲೂಣು ಅಂದಿದ್ರು. ಮುಗೀತಿಲ್ಲೋ ತಮ್ಮಾ?”

“ಮುಗೀತ್ರಿ ಯವ್ವಾ. ನಾ ಅವತ್ತ ಬ್ಯಾಡ ಅನಬಾರದಿತ್ತು. ಒಂದ ಹಿಡಿಲೆ ಏನೂ ಕೆಡತಿರಲಿಲ್ಲಂತ.”

ಅವಳು ರೊಟ್ಟಿಯ ಎಳ್ಳು ಸವರುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

“ಹೆಣ್ಮಗಳು ನಾ, ನನ್ನ ದನಿ ಆ ಬದುವಿನ ತನಾನೂ ಮುಟ್ಟಂಗಿಲ್ಲ,” ಎಂದಳು. “ನೀ ಎಲ್ಲಾರ ದನಿ ತಗೀತಿ. ಅವರಂಗ ಒಮ್ಮೆ ಕೂಗು.”

ಎದ್ದು ನಿಂತು ಬಾಯಿ ತೆಗೆದೆ. ಅಜ್ಜನ ದನಿ ಗಂಟಲಲ್ಲಿ ತಯಾರಿತ್ತು. ಆದರೆ ಅಜ್ಜ “ಹುಲ್ಲುಲ್ಲಿಗೋ” ಎಂದು ಕೂಗಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಎರಡು ವರ್ಷವೂ ಕೂಗಗೊಟ್ಟಿರಲಿಲ್ಲ. ಆ ದನಿಯಲ್ಲಿ ನನಗೆ ಗಟ್ಟಿಯಾಗಿ ಬರುತ್ತಿದ್ದದ್ದು ಒಂದೇ ಮಾತು. ಅದೇ ಹೊರಬಿತ್ತು.

“ಒಂದ ಹಿಡಿ ಚೆಲ್ಲಲೇನ್ರಿ, ಸಾಹೇಬ್ರ?”

ಅನ್ನವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ನನ್ನ ಕಡೆ ನೋಡಲಿಲ್ಲ. ಒಂದು ರೊಟ್ಟಿ ಎತ್ತಿ ಮೊಣಕಾಲಿಗೆ ಬಡಿದು ಮುರಿದು, ಚೂರುಗಳನ್ನು ನನ್ನ ಬೊಗಸೆಗೆ ಹಾಕಿದಳು.

“ಚೆಲ್ಲರಿ,” ಎಂದಳು, ಗಂಡನಿಗೆ ಹೇಳುವ ಹಾಗೆ.