ಮೀನುಬುಟ್ಟಿಯ ಅಚ್ಚು

ಅಚ್ಚಿನ ಮೇಜಿನ ಈಚೆ ಡಲ್ಸಿ, ಆಚೆ ಅವಳ ಸೋದರತ್ತೆಯ ಮಗಳು ವಿಲ್ಮಾ. ಡಲ್ಸಿ ರಬ್ಬರ್ ಪಟ್ಟಿಯಿಂದ ಬಣ್ಣವನ್ನು ಬಲೆ ಬಿಗಿದ ಸ್ಕ್ರೀನಿನ ಅರ್ಧದವರೆಗೆ ತಳ್ಳಿ ಕೊಟ್ಟರೆ, ಉಳಿದರ್ಧ ವಿಲ್ಮಾ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಸ್ಕ್ರೀನ್ ಎತ್ತಿದಾಗಲೆಲ್ಲ ಬಿಳಿ ಬಟ್ಟೆಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ, ನದಿಯಲ್ಲಿ ಮೀನು ಹಿಡಿಯಲು ಒಡ್ಡುವ ಮೀನುಬುಟ್ಟಿಯೊಂದು ಮೂಡುತ್ತಿತ್ತು.

ಅದು ಡಲ್ಸಿಯ ಅಪ್ಪ ಬರೆದದ್ದು. ದೂರದ ಡಾರ್ವಿನ್ ನಗರದ ಆಸ್ಪತ್ರೆಗೆ ವಿಮಾನ ಹತ್ತುವ ಮುಂಚೆ, ಸ್ಕ್ರೀನಿಗೆ ಚಿತ್ರ ಇಳಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ. ಅಲ್ಲಿಂದ ಮರಳಿದ್ದು ಅವರ ಹೆಣ. ಆಮೇಲೆ ಎಲ್ಲವೂ ಅವರ ಆದಿವಾಸಿ ಕುಲದ ಸಾವಿನ ರೂಢಿಯ ಪ್ರಕಾರ ನಡೆಯಿತು. ಅವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ, ಬಟ್ಟೆಬರೆ ಸುಟ್ಟರು, ಫೋಟೋಗಳನ್ನು ತೆಗೆದಿಟ್ಟರು, ಮನೆಗೆ ಹೊಗೆ ಹಾಕಿದರು. ಉಳಿದದ್ದು ಈ ಹಾಳೆ ಒಂದೇ. ಈ ಬಟ್ಟೆಯನ್ನು ಅವರ ಸಮಾಧಿಗೆ ಹೊದಿಸಬೇಕು, ಹಾಳೆಯನ್ನು ತನ್ನ ಮಗಳಿಗೆಂದು ಇಟ್ಟುಕೊಳ್ಳಬೇಕು ಎಂಬುದು ಡಲ್ಸಿಯ ಆಸೆ.

ವಿಲ್ಮಾ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಡಲ್ಸಿಗೆ ಅದೇ ದಿಗಿಲು.

"ಬಣ್ಣ ಗಟ್ಟಿಯಾಯ್ತಾ ಅತ್ತಿಗೆ?"

"ಸರಿಯಾಗಿದೆ. ತಳ್ಳು."

ಬಟ್ಟೆ ಒಣಗಿದ ಮೇಲೆ ಇಬ್ಬರೂ ಸೇರಿ ಅದನ್ನು ಬಿಸಿ ಯಂತ್ರಕ್ಕೆ ಕೊಟ್ಟರು. ಬಿಸಿ ತಾಗುವ ಮುಂಚೆ ತೊಳೆದರೆ ಬಣ್ಣ ಬಿಟ್ಟುಹೋಗುತ್ತದೆ; ತಾಗಿದ ಮೇಲೆ ಬಟ್ಟೆ ಹರಿದರೂ ಹೋಗುವುದಿಲ್ಲ. ವಿಲ್ಮಾ ಕೊನೆಯ ಅಂಚು ಹೊರಬರುವವರೆಗೂ ನಿಂತಳು. ಬೆರಳು ಒದ್ದೆ ಮಾಡಿ ಒಂದು ಬುಟ್ಟಿಯ ಮೇಲೆ ಉಜ್ಜಿ ನೋಡಿದಳು. ಬೆರಳಿಗೆ ಬಣ್ಣ ಹತ್ತಲಿಲ್ಲ.

"ಚೆನ್ನಾಗಿ ಕೂತಿದೆ," ಎಂದಳು. "ಈಗ ಹೇಳು, ಇದನ್ನ ಅಚ್ಚು ಹಾಕು ಅಂತ ನಿಂಗೆ ಯಾರು ಹೇಳಿದ್ದು?"

ಡಲ್ಸಿ ಮರದಡಿ ಕೂತಿದ್ದ ವಿಲ್ಮಾಳ ತಾಯಿಯತ್ತ ಕೈ ತೋರಿಸಿದಳು. "ಅತ್ತೆಯನ್ನ ಕೇಳಿದ್ನಲ್ಲ. ಮೊನ್ನೆ, ಚಿಪ್ಪುಮೀನು ಸುಡ್ತಾ ಕೂತಿದ್ದಾಗ. ನೀವೂ ಅಲ್ಲೇ ಇದ್ರಿ."

"ಇದ್ದೆ. ಬೆನ್ನು ಹಾಕಿ ಕೂತಿದ್ದೆ. ಬೆನ್ನನ್ನ ಕೇಳಿದ್ಯೇನೇ?"

ಮರದ ನೆರಳಲ್ಲಿ ಚಹಾ ಕುಡಿಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು.

ತಪ್ಪು ಆಗ ಡಲ್ಸಿಗೆ ಹೊಳೆಯಿತು. ಚಿತ್ರ ತಂದೆಯ ಕುಲದ್ದು. ಡಲ್ಸಿಯೂ ಅವಳ ಅತ್ತೆ ಅಗ್ನೆಸಳೂ ಅದಕ್ಕೆ ಒಡತಿಯರು. ಆದರೆ ಕುಲದ ಹೆಣ್ಣುಮಕ್ಕಳ ಮಕ್ಕಳು, ಅಂದರೆ ವಿಲ್ಮಾಳಂಥವರು, ಅದಕ್ಕೆ ಕಾವಲು. ಕಾವಲಿನವರನ್ನು ಎದುರು ಕೂತು, ಮುಖ ನೋಡಿ ಕೇಳಬೇಕು. ವಿಲ್ಮಾ ಕೇಳಿಸಿಕೊಂಡರೆ ಸಾಕೆಂದು ಡಲ್ಸಿ ತನ್ನನ್ನು ತಾನೇ ನಂಬಿಸಿಕೊಂಡಿದ್ದಳು. ನಿಜಕ್ಕೂ ಆ ಮುಖ ನೋಡಲು ಅವಳಿಗೆ ಹೆದರಿಕೆಯಿತ್ತು.

"ಬೆಳಗ್ಗೇನೇ ಹೇಳಬಹುದಿತ್ತಲ್ಲ ಅತ್ತಿಗೆ. ಒದ್ದೆ ಇದ್ದಾಗ್ಲೇ ತೊಳೆದುಬಿಡ್ತಿದ್ದೆ."

"ಹೌದು, ತೊಳೀತಿದ್ದೆ." ವಿಲ್ಮಾ ಬಟ್ಟೆಯನ್ನು ನೀಟಾಗಿ ಮಡಿಸತೊಡಗಿದಳು. "ಮಾವ ಸಾಯೋಕೆ ಮುಂಚೆ ನಮ್ಮ ನದಿ ಹತ್ರ ಕರ್ಕೊಂಡು ಹೋಗು ಅಂತ ಅತ್ರು. ನೀನು ವಿಮಾನ ಹತ್ತಿಸಿದೆ. ಆವತ್ತು ನನ್ನನ್ನ ಕೇಳಿದ್ಯಾ? ಬಿಳಿ ಗೋಡೆ ನೋಡ್ತಾ ಸತ್ರು."

"ಬದುಕ್ತಾರೆ ಅಂದ್ರು ಡಾಕ್ಟರು..."

"ಡಾಕ್ಟರು ನಮ್ಮ ಕಾವಲೇನೇ?"

ಡಲ್ಸಿ ಅತ್ತೆಯತ್ತ ನೋಡಿದಳು. ಮುದುಕಿ ಅಗ್ನೆಸ್ ಚಹಾದ ಲೋಟವನ್ನು ನೆಲಕ್ಕಿಟ್ಟು, ಅದನ್ನೇ ನೋಡುತ್ತ ಹೇಳಿದಳು: "ನನ್ನ ಮಗಳು ಅಂತ ಹೇಳ್ತಿಲ್ಲ ಕಣಮ್ಮ. ಕಾವಲು ಅವಳದು. ಸುಡಬೇಕು."

"ಹಾಳೆ?"

"ಹಾಳೇನೂ," ಎಂದಳು ವಿಲ್ಮಾ. "ಬೇರು ಬಿಟ್ಟು ಗಿಡ ಕೀಳ್ತಾರಾ?"

ಬಟ್ಟೆ ನಿಧಾನವಾಗಿ ಉರಿಯಿತು. ಹಾಳೆ ಮಾತ್ರ ಬೆಂಕಿ ಕಂಡದ್ದೇ ಮುದುಡಿ, ಕರಗಿ, ಕಪ್ಪು ಹನಿಯಾಗಿ ಬೂದಿಯಲ್ಲಿ ಸೇರಿತು. ಆಮೇಲೆ ಡಲ್ಸಿ ತನ್ನ ಕೈಯಾರೆ ಸ್ಕ್ರೀನ್ ತೊಳೆದಳು. ಅದರ ಬಲೆಯಲ್ಲಿ ಬುಟ್ಟಿಯ ನೆರಳೂ ಉಳಿಯದಂತೆ ತೊಳೆದಿದ್ದಾಳೆಯೇ ಎಂದು ವಿಲ್ಮಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ನಂತರ ಚಾಪೆಯ ಮೇಲೆ ಬಂದು, ಡಲ್ಸಿಯ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು.

"ಈಗ ಕೇಳು."

ಎಲ್ಲರೂ ನೋಡುತ್ತಿದ್ದರು. ಡಲ್ಸಿ ತಲೆಯೆತ್ತಿ ಆ ಮುಖವನ್ನು ನೋಡಿ ಕೇಳಿದಳು.

"ಹೂಂ. ಅಚ್ಚು ಹಾಕು. ನಂದೇನೂ ಅಡ್ಡಿಯಿಲ್ಲ." ವಿಲ್ಮಾ ಹೊಸ ಹಾಳೆಯನ್ನೂ ಪೆನ್ನನ್ನೂ ಮುಂದಿಟ್ಟಳು. "ಬರಿ."

ಡಲ್ಸಿ ಬಾಗಿದಳು. ಬುಟ್ಟಿಯ ಹೊಟ್ಟೆಯ ಗೆರೆ ಬಂತು. ಬಾಯಿ? ಏರು ನೀರಿಗೆ ತೆರೆದಿತ್ತೋ, ಇಳಿ ನೀರಿಗೋ? ಒಳಗಿನ ಹೆಣಿಗೆ ಅಡ್ಡವೋ, ಓರೆಯೋ? ದಿನವಿಡೀ ಅವಳು ಬಟ್ಟೆ ನೋಡಿರಲಿಲ್ಲ. ವಿಲ್ಮಾಳ ಮುಖವನ್ನೇ ಕದ್ದು ನೋಡುತ್ತಿದ್ದಳು. ಪೆನ್ನು ನಿಂತಿತು.

"ಅತ್ತಿಗೆ, ನಿಮಗೆ ಗೊತ್ತಲ್ವಾ?"

"ಗೊತ್ತು. ಒಂದೊಂದು ಗೆರೇನೂ ಗೊತ್ತು," ಎಂದು ವಿಲ್ಮಾ ಚಹಾಕ್ಕೆ ಕೈ ಚಾಚಿದಳು. "ಬರೆಯೋ ಹಕ್ಕು ನಿಂದು ಕಣೇ. ನಾನು ಬರೀ ಕಾವಲು. ತಪ್ಪು ಬರೆದ್ರೆ ಹೇಳ್ತೀನಿ, ಸುಡೋಣ."