ಪಾಚಿಗೆ ಬಿದ್ದ ವಿಭೂತಿ

ತಪ್ಪು ಲ್ಯಾಬಿನದೋ, ತನ್ನದೋ? ಗ್ರೀನ್‌ಲ್ಯಾಂಡಿನಲ್ಲಿ ಹಿಮ ಸರಿದ ನೆಲದ ಮೇಲೆ ಮೊದಲು ಬೆಳೆದ ಪಾಚಿ ಅದು; ಲ್ಯಾಬಿಗೆ ಕಳಿಸುವ ಮುನ್ನ ದಸರೆ ರಜೆಗೆ ಡಬ್ಬಿಯಲ್ಲಿ ಮನೆಗೆ ತಂದಿದ್ದ. ಅದರಲ್ಲಿ ಉಳಿದ ಇಂಗಾಲದಿಂದಲೇ ಹಿಮ ಸರಿದ ಕಾಲ ತಿಳಿಯಬೇಕಿತ್ತು. ಲೆಕ್ಕ ಇರಬೇಕಾದ್ದಕ್ಕಿಂತ ಎರಡು ಸಾವಿರ ವರ್ಷ ಈಚೆಗೆ ಬಂದಿತ್ತು. "ಮಾದರಿ ಕೆಡಿಸಿದವನಿಗೆ ಪಿಎಚ್‌ಡಿ ಯಾಕ್ರೀ?" ಎಂದು ಗೈಡ್ ಫೋನಿನಲ್ಲಿ ಉಗಿದಿದ್ದರು.

ರೇಣುಕಾಪ್ರಸಾದ್ ಸಿಡುಕಿದ. "ಅವ್ವ, ದಸರೇಲಿ ನನ್ ಡಬ್ಬಿ ಯಾರ್ ಮುಟ್ಟಿದ್ರು?"

"ನಾನೇ ಕಣೋ," ಪ್ರೇಮಮ್ಮ ನಕ್ಕಳು. "ಆಯುಧಪೂಜೇಲಿ ಟ್ರ್ಯಾಕ್ಟರ್‌ಗೆ ಅಚ್ಚಿ ನಿನ್ ಕಸುಬ್ಗೆ ಬುಟ್ಬುಡದಾ? ಮುಚ್ಳ ತೆಗ್ದು ಮನೇಲಿ ಸುಟ್ಟ ಈಬೂತೀನೇ ಆಕ್ದೆ. ಒಳ್ಳೇದಾಯ್ತಾ?"

ಸುಟ್ಟ ಸಗಣಿಯ ಹೊಸ ಇಂಗಾಲ! ಅದು ಬೆರೆತೇ ಪಾಚಿಯ ಕಾಲ ಈಚೆಗೆ ಸರಿದಿತ್ತು. ಆ ಪಾಚಿ ಇನ್ನು ಸಿಗುವುದಿಲ್ಲ.

"ಆಯ್ತು ಬುಡವ್ವ!"

ಬಾಗಿಲಿಗೆ ಒದ್ದು ಹೊರಬಂದವನು ಗೈಡಿಗೆ ಫೋನ್ ಮಾಡಿ, "ನನ್ನದೇ ತಪ್ಪು ಸರ್!" ಎಂದು ಕೂಗಿದ.

ಅವಳ ವಿಭೂತಿಯಿಂದಲೇ ತನ್ನ ಕೆಲಸ ಕೆಟ್ಟಿತೆಂದು ಅವನು ಅವ್ವನಿಗೆ ಎಂದೂ ಹೇಳಲಿಲ್ಲ.